ಡಿಸ್ಕಸ್ ಮರಿಗಳೂ ನಾಲ್ಕು ಕೊಡ ನೀರೂ

ಇತ್ತೀಚೆಗೆ ಬನಹಟ್ಟಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಮನೆಯ ಯಜಮಾನ ನನ್ನ ಹಳೆಯ ವಿದ್ಯಾರ್ಥಿ. ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದು, ಸ್ವಂತ ದುಡಿಮೆಯಿಂದ ಮೇಲೆ ಬಂದವನು. ಅವನ ಏಳಿಗೆ ಕಂಡು ನನಗೆ ನಿಜವಾಗಿಯೂ ಸಂತೋಷವಾಯಿತು. ಆದರೆ ಪಡಸಾಲೆಯ ಈಶಾನ್ಯ ಮೂಲೆಯಲ್ಲಿ ಇಟ್ಟಿದ್ದ ಗಾಜಿನ ತೊಟ್ಟಿಯನ್ನು ಕಂಡಾಗ ಆ ಸಂತೋಷದಲ್ಲಿ ಅರ್ಧ ಇಳಿದುಹೋಯಿತು. ನೀಲಿ ದೀಪ, ತಳದಲ್ಲಿ ಬಣ್ಣಬಣ್ಣದ ಹರಳು, ಎರಡು ಪ್ಲಾಸ್ಟಿಕ್ ಗಿಡ, ಇವುಗಳ ನಡುವೆ ನಾಲ್ಕು ಡಿಸ್ಕಸ್ ಮರಿಗಳು. ಹತ್ತು ರೂಪಾಯಿಯ ನಾಣ್ಯಕ್ಕಿಂತ ತುಸು ದೊಡ್ಡವು, ಅಷ್ಟೆ. ಮೂರು ಮರಿಗಳು ಮೈ ಕಪ್ಪಾಗಿಸಿಕೊಂಡು, ರೆಕ್ಕೆ ಮಡಚಿಕೊಂಡು, ಮೂಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಬಂದ ಅತಿಥಿಗಳೆಲ್ಲ ಗಾಜನ್ನು ಬೆರಳಿನಿಂದ ತಟ್ಟಿ ನೋಡಿ ಮುಂದೆ ಹೋಗುತ್ತಿದ್ದರು.

"ಇವು ಬಹಳ ಸೂಕ್ಷ್ಮ ಮೀನಪ್ಪಾ, ಯಾರು ಹೇಳಿದರು ತರಲಿಕ್ಕೆ?" ಎಂದೆ.

"ವಾಸ್ತು ನೋಡಿದವರು ಹೇಳಿದ್ರಿ ಸರ. ಸತ್ರೂ ಚಿಂತಿ ಇಲ್ಲಂತ. ಮನಿ ಮ್ಯಾಲ ಬರೂ ಕಂಟಕ ಮೀನ ತಗೊಂಡ ಹೊಕ್ಕೈತಂತ."

ಊಟದ ಎಲೆಯ ಮುಂದೆ ವಾದಕ್ಕಿಳಿಯುವುದು ಮರ್ಯಾದೆಯಲ್ಲವೆಂದು ಅಂದು ಸುಮ್ಮನೆ ಎದ್ದು ಬಂದೆ. ಇಲ್ಲಿ ಸುಮ್ಮನಿರಲಾರೆ.

ಮೀನು ಮನೆಯ ಕಂಟಕವನ್ನು ಹೊತ್ತುಕೊಂಡು ಸಾಯುತ್ತದೆ ಎಂಬ ಈ ಮಾತು ಎಷ್ಟು ಅನುಕೂಲಕರವಾದದ್ದು ನೋಡಿ. ಸತ್ತರೆ ಪುಣ್ಯ, ಬದುಕಿದರೆ ಶೋಭೆ. ಸಾಕಿದವನ ತಪ್ಪು ಎಂಬುದಕ್ಕೆ ಇದರಲ್ಲಿ ಜಾಗವೇ ಇಲ್ಲ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪಾಠ ಹೇಳಿದ ನನಗೆ ನಪಾಸಾದ ಮಗುವಿನ ಮೇಲೆಯೇ ತಪ್ಪು ಹೊರಿಸುವ ಶಿಕ್ಷಕರ ಪರಿಚಯ ಚೆನ್ನಾಗಿಯೇ ಇದೆ. ಆದರೆ ಸಾವನ್ನೇ ಲಾಭದ ಬಾಬಿನಲ್ಲಿ ಬರೆದುಕೊಳ್ಳುವ ಲೆಕ್ಕವನ್ನು ಅವರು ಕೂಡ ಕಂಡುಹಿಡಿದಿರಲಿಲ್ಲ. ಆ ನಾಲ್ಕು ಮರಿಗಳನ್ನು ಕೊಲ್ಲುತ್ತಿದ್ದದ್ದು ಕಂಟಕವಲ್ಲ, ಅವುಗಳದೇ ಮಲಮೂತ್ರದಿಂದ ಹುಟ್ಟುವ ಅಮೋನಿಯಾ.

ಈ ವಿಷಯದಲ್ಲಿ ಮಾತನಾಡುವ ಅಧಿಕಾರ ನನಗೆ ಪಾಂಡಿತ್ಯದಿಂದ ಬಂದುದಲ್ಲ, ಅಪರಾಧದಿಂದ ಬಂದದ್ದು. ನಾನೇ ಐದು ಮರಿಗಳನ್ನು ಕೊಂದಿದ್ದೇನೆ.

2018ರ ದೀಪಾವಳಿಗೆ ಮೊಮ್ಮಗ ಹಟ ಹಿಡಿದ. ದೂರದ ನಗರವೊಂದರ ಅಂಗಡಿಯಿಂದ ಆರು ಡಿಸ್ಕಸ್ ಮರಿಗಳನ್ನೂ ಅರವತ್ತು ಲೀಟರಿನ ಒಂದು ತೊಟ್ಟಿಯನ್ನೂ ತಂದೆವು. ಅಂಗಡಿಯಾತ ಬಲು ಸೌಜನ್ಯದವನು. "ಮೀನು ತೊಟ್ಟಿ ಎಷ್ಟಿದೆಯೋ ಅಷ್ಟೇ ಬೆಳೆಯುತ್ತದೆ, ದೊಡ್ಡ ತೊಟ್ಟಿ ಬೇಡ. ನೀರನ್ನು ಹೆಚ್ಚು ಬದಲಿಸಿದರೆ ಮೀನಿಗೆ ತ್ರಾಸ, ತಿಂಗಳಿಗೊಮ್ಮೆ ಸಾಕು. ಮಂಕಾದರೆ ಈ ನೀಲಿ ಔಷಧ ನಾಲ್ಕು ಹನಿ ಹಾಕಿ" ಎಂದು ಹೇಳಿ ಶೀಸೆಯನ್ನೂ ಮಾರಿದ. ನಾನು ಕೈಕಟ್ಟಿಕೊಂಡು ವಿದ್ಯಾರ್ಥಿಯಂತೆ ಕೇಳಿದೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳದ ಹುಡುಗರನ್ನು ಎಷ್ಟು ಗದರಿಸಿದ್ದೆನೋ!

ಈಗ ಆ ಮಾತುಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕು. ಅದಕ್ಕೆ ಮೊದಲು ಈ ಮೀನು ಎಂಥದು ಎಂಬುದನ್ನು ಹೇಳಲೇಬೇಕು.

ಡಿಸ್ಕಸ್ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಬಯಲಿನದು. ರಿಯೋ ನೀಗ್ರೋ ನದಿಯಲ್ಲಿ ಸಿಕ್ಕ ಮೀನನ್ನು ನೋಡಿ ಆಸ್ಟ್ರಿಯಾದ ಹೆಕೆಲ್ ಎಂಬ ವಿಜ್ಞಾನಿ 1840ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟ. ತಟ್ಟೆಯಂತೆ ದುಂಡಗೆ, ಚಪ್ಪಟೆಯಾಗಿರುವುದರಿಂದ ಈ ಹೆಸರು. ಇಂದು ಅಂಗಡಿಗಳಲ್ಲಿ ಕಾಣುವ ಕೆಂಪು, ಹಳದಿ, ನೀಲಿ ಬಣ್ಣದವೆಲ್ಲ ಮನುಷ್ಯ ಸಾಕಿ, ಆಯ್ದು, ತಳಿ ಬೆಳೆಸಿ ಮಾಡಿದವು. ಆದರೆ ಈ ಮೀನಿನ ಸೋಜಿಗ ಬಣ್ಣದಲ್ಲಿಲ್ಲ. ಮೊಟ್ಟೆಯೊಡೆದು ಈಜಲು ಕಲಿತ ಮರಿಗಳು ನೇರವಾಗಿ ತಂದೆತಾಯಿಯ ಮೈಗೆ ಹೋಗಿ, ಅಲ್ಲಿ ಒಸರುವ ಲೋಳೆಯನ್ನು ಕಚ್ಚಿ ತಿನ್ನುತ್ತವೆ. ತಾಯಿ ಮಾತ್ರವಲ್ಲ, ತಂದೆಯೂ ಉಣಿಸುತ್ತಾನೆ. ಒಬ್ಬರಿಗೆ ಸಾಕಾದಾಗ ಮೈ ಕೊಡವಿ ಮರಿಗಳ ಹಿಂಡನ್ನು ಇನ್ನೊಬ್ಬರತ್ತ ದಾಟಿಸುತ್ತಾರೆ. 2010ರಲ್ಲಿ ಇಂಗ್ಲೆಂಡಿನ ಪ್ಲಿಮತ್ತಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊಟ್ಟೆಯಿಡುವ ಹೊತ್ತಿಗೆ ಆ ಲೋಳೆಯಲ್ಲಿ ಪ್ರೋಟೀನೂ ರೋಗನಿರೋಧಕ ಅಂಶಗಳೂ ಹೆಚ್ಚುತ್ತವೆ. ಸುಮಾರು ಮೂರನೆಯ ವಾರದಲ್ಲಿ ತಂದೆತಾಯಿ ಮರಿಗಳಿಂದ ದೂರ ಈಜತೊಡಗುತ್ತವೆ. ನಮ್ಮ ಮನೆಗಳಲ್ಲಿ ಹಾಲು ಬಿಡಿಸುವುದು ಎನ್ನುತ್ತೇವಲ್ಲ, ಅದೇ. ಇದೇ ಬಳಗಕ್ಕೆ ಸೇರಿದ, ಕೇರಳದ ಹಿನ್ನೀರುಗಳಲ್ಲಿ ಕಾಣುವ, ಕರಿಮೀನಿನ ಪುಟ್ಟ ತಮ್ಮನಂತಿರುವ ಕಿತ್ತಳೆ ಬಣ್ಣದ ಮೀನಿನ ಮರಿಗಳೂ ಹೀಗೆಯೇ ಹೆತ್ತವರ ಮೈಯನ್ನು ಕಚ್ಚಿ ತಿನ್ನುವುದುಂಟು. ಅದನ್ನು ನಮ್ಮವರು ಅಂದಕ್ಕಾಗಿ ಸಾಕುವುದು ಕಡಿಮೆ. ಪರದೇಶದ್ದಲ್ಲವಲ್ಲ!

ಹೀಗೆ ಹಾಲು ಬಿಡಿಸಿದ ಕೆಲವೇ ವಾರಗಳಲ್ಲಿ ಮರಿಗಳು ಸಾಕಣೆಯವರ ಕೈಯಿಂದ ಪ್ಲಾಸ್ಟಿಕ್ ಚೀಲ ಸೇರಿ, ಚೀಲದಿಂದ ಅಂಗಡಿ ಸೇರಿ, ಅಲ್ಲಿಂದ ನಮ್ಮ ಪಡಸಾಲೆಗೆ ಬರುತ್ತವೆ. ಅಂದಮೇಲೆ ಕೊಂಡವನು ಕೊಂಡದ್ದು ಅಲಂಕಾರದ ವಸ್ತುವನ್ನಲ್ಲ, ಒಂದು ತಂದೆತಾಯಿಯ ಹೊಣೆಯನ್ನು. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಹೇಳಿದರೆ ಮೀನು ಮಾರಾಟವಾಗದು.

"ತೊಟ್ಟಿಗೆ ತಕ್ಕಷ್ಟೇ ಬೆಳೆಯುತ್ತದೆ" ಎಂಬುದು ಅರ್ಧಸತ್ಯ. ಅದಕ್ಕೇ ಅಪಾಯಕಾರಿ. ಇಕ್ಕಟ್ಟಿನ ತೊಟ್ಟಿಯಲ್ಲಿ ಕೊಳೆತ ನೀರಿನಲ್ಲಿ ಮರಿ ಬೆಳೆಯುವುದಿಲ್ಲ, ನಿಜ. ಆದರೆ ಅದು ಹೊಂದಾಣಿಕೆಯಲ್ಲ, ಕುಂಠಿತವಾಗುವುದು. ದೇಹ ನಿಂತುಬಿಡುತ್ತದೆ, ಕಣ್ಣು ಮಾತ್ರ ಬೆಳೆಯುತ್ತ ಹೋಗುತ್ತದೆ. ದುಂಡಗಿರಬೇಕಾದ ಮೈ ಉದ್ದಕ್ಕೆ ಎಳೆದಂತಾಗುತ್ತದೆ. ಚೆನ್ನಾಗಿ ಸಾಕಿದ ಡಿಸ್ಕಸ್ ವರ್ಷ ಒಂದೂವರೆ ವರ್ಷದಲ್ಲಿ ಐದಾರು ಅಂಗುಲ ಬೆಳೆಯುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಮೊದಲ ಆರೆಂಟು ತಿಂಗಳುಗಳಲ್ಲೇ. ಆ ತಿಂಗಳುಗಳು ಹೋದರೆ ಹೋದವು. ನೇಯ್ಗೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಸಿನಲ್ಲಿ ಎಳೆ ತಪ್ಪಿದರೆ ಆ ತಪ್ಪು ಸೀರೆ ಮುಗಿಯುವ ತನಕ ಉದ್ದಕ್ಕೂ ಬರುತ್ತದೆ. ಹೊಕ್ಕಿನಲ್ಲಿ ಎಷ್ಟೇ ಒಳ್ಳೆಯ ರೇಷ್ಮೆ ಹಾಕಿದರೂ ಅದು ಮುಚ್ಚುವುದಿಲ್ಲ.

ನನ್ನ ಆರರಲ್ಲಿ ಬದುಕುಳಿದ ಒಂದು ಹಾಗೆಯೇ ಆಯಿತು. ಎರಡೂವರೆ ಅಂಗುಲಕ್ಕೆ ನಿಂತಿತು. ಆ ದೊಡ್ಡ ಕಣ್ಣುಗಳಿಂದ ಗಾಜಿನಾಚೆ ನಮ್ಮನ್ನೇ ನೋಡುತ್ತಿತ್ತು. ಮೊಮ್ಮಗ, "ಅಜ್ಜಾ, ಇದು ಯಾಕ ಅಂಜಿದಂಗ ನೋಡತೈತಿ?" ಎಂದು ಕೇಳಿದ್ದ.

ಎರಡನೆಯ ಮಾತು ನೀರಿನದು. ಇದೇ ಮುಖ್ಯ. ಬೆಳೆಯುವ ಮರಿಗೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಉಣಿಸಬೇಕು. (ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ ತನ್ನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಭಾಗವಿಟ್ಟು ಮೀನಿಗೆ ಹಾಕುವ ಆಹಾರದ ವಿಚಾರ ಬರೆದಿದ್ದಾನೆ. ಆದರೆ ಅವನು ಉಣಿಸಿದ್ದು ಗಾಳ ಹಾಕಿ ಹಿಡಿಯಲಿಕ್ಕೆ. ಅಷ್ಟರ ಮಟ್ಟಿಗೆ ನಮಗಿಂತ ಪ್ರಾಮಾಣಿಕ.) ತಿಂದದ್ದು ಹೊರಗೆ ಬರಲೇಬೇಕು. ಅದರ ಅಮೋನಿಯಾವನ್ನು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟಿಗೆ, ಅನಂತರ ನೈಟ್ರೇಟಿಗೆ ತಿರುಗಿಸುತ್ತವೆ. ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕಾರು ವಾರ ಬೇಕು. ತೊಟ್ಟಿ ತಂದ ದಿನವೇ ಮೀನು ಬಿಟ್ಟರೆ ಅವು ಇರುವುದೇ ಇಲ್ಲ. ನೀರು ಬಿಸಿಯಾದಷ್ಟೂ, ಕ್ಷಾರ ಹೆಚ್ಚಿದಷ್ಟೂ ಅಮೋನಿಯಾದ ವಿಷ ಏರುತ್ತದೆ. ಡಿಸ್ಕಸ್ ಮರಿಗೋ ಇಪ್ಪತ್ತೊಂಬತ್ತು ಮೂವತ್ತು ಡಿಗ್ರಿಯ ಬೆಚ್ಚನೆಯ ನೀರೇ ಬೇಕು. ಹೀಗಾಗಿ ಉಳಿದ ಮೀನುಗಳು ಸಹಿಸಿಕೊಳ್ಳುವ ಹೊಲಸನ್ನು ಇದು ಸಹಿಸುವುದಿಲ್ಲ.

ಇದಕ್ಕೆ ಜಗತ್ತಿನ ಎಲ್ಲ ಅನುಭವಿ ಸಾಕಣೆಗಾರರೂ ಹೇಳುವ ಪರಿಹಾರ ಒಂದೇ: ನೀರು ಬದಲಿಸುವುದು. ತಿಂಗಳಿಗೊಮ್ಮೆಯಲ್ಲ, ದಿನಾಲೂ. ಮೂರರಲ್ಲೊಂದು ಪಾಲು, ಸಾಧ್ಯವಾದರೆ ಅರ್ಧ. ತಳದಲ್ಲಿ ಹರಳು ಮರಳು ಯಾವುದೂ ಇಲ್ಲದ ಬರಿಯ ಗಾಜು, ತಿಂದುಳಿದದ್ದು ಕಣ್ಣಿಗೆ ಕಾಣಬೇಕು, ಆಗಲೇ ತೆಗೆಯಬೇಕು. ಆ ನೀಲಿ ಔಷಧದ ಮಾತು ಬಿಡಿ. ಕೊಳೆನೀರಿನಲ್ಲಿರುವ ಮೀನಿಗೆ ಔಷಧ ಹಾಕುವುದೆಂದರೆ ಹಸಿದ ಹುಡುಗನಿಗೆ ಜ್ವರದ ಗುಳಿಗೆ ಕೊಟ್ಟಂತೆ. ಬಿಳಿಯ ದಾರದಂಥ ಮಲ ಹಾಕಿ ಉಣ್ಣುವುದನ್ನು ಬಿಟ್ಟ ಮೀನಿಗೆ ನಿಜವಾಗಿಯೂ ಔಷಧ ಬೇಕಾಗಬಹುದು. ಆದರೆ ಅದು ರೋಗ ತಿಳಿದ ಮೇಲೆ, ನೀರು ತಿಳಿಯಾದ ಮೇಲೆ.

ನಮ್ಮ ಕಡೆಯ ಕೆಲವರು ಇನ್ನೊಂದು ಮಾತು ಹೇಳುತ್ತಾರೆ: ನಮ್ಮ ಬೋರಿನ ನೀರು ಗಡುಸು, ಅದಕ್ಕೇ ಡಿಸ್ಕಸ್ ಬದುಕುವುದಿಲ್ಲ, ಏನೋ ಆಮ್ಲ ಬೆರೆಸಬೇಕು ಎಂದು. ಇದೂ ತಪ್ಪು. ಮೃದುನೀರು ಮುಖ್ಯವಾಗಿ ಬೇಕಾಗುವುದು ಮೊಟ್ಟೆಯಿಟ್ಟು ಮರಿ ಮಾಡಿಸುವವರಿಗೆ. ಮರಿ ಬೆಳೆಸುವವನಿಗೆ ತುಸು ಗಡುಸು ನೀರಾದರೂ ನಡೆದೀತು, ದಿನಾಲೂ ಒಂದೇ ಹದದ ಶುದ್ಧ ನೀರಿದ್ದರೆ. ಇಂದು ಆಮ್ಲ, ನಾಳೆ ಸುಣ್ಣ ಎಂದು ಆಡಿಸುವುದೇ ಗಡುಸಿಗಿಂತ ಹೆಚ್ಚು ಕೊಲ್ಲುತ್ತದೆ. ನಲ್ಲಿಯ ನೀರಾದರೆ ಅದರ ಕ್ಲೋರಿನ್ ಹೋಗುವಂತೆ ಪೀಪಾಯಿಯಲ್ಲಿ ಒಂದು ಇಡೀ ದಿನ ಗಾಳಿಯಾಡಿಸಿ ಇಡಬೇಕು.

ಈಗ ಲೆಕ್ಕಕ್ಕೆ ಬರೋಣ. ಮರಿಗಳು ಒಂಟಿಯಾಗಿ ಬದುಕವು, ಒಂದೆರಡಿದ್ದರೆ ಬಲವಾದದ್ದು ಬಡದನ್ನು ಉಣ್ಣಗೊಡುವುದಿಲ್ಲ. ಕನಿಷ್ಠ ಐದಾರು ಬೇಕು. ಆರು ಮರಿ ಬೆಳೆಯಲು ಇನ್ನೂರು ಲೀಟರಿನ ತೊಟ್ಟಿಗೆ ಕಡಿಮೆ ನಡೆಯದು. ದಿನಕ್ಕೆ ಮೂರರಲ್ಲೊಂದು ಪಾಲಿಗೆ ಸ್ವಲ್ಪ ಕಡಿಮೆ ಎಂದೇ ಹಿಡಿಯಿರಿ: ಅರವತ್ತು ಲೀಟರು. ಹದಿನೈದು ಲೀಟರಿನ ಕೊಡದಿಂದ ನಾಲ್ಕು ಕೊಡ. ತಿಂಗಳಿಗೆ 1800 ಲೀಟರು. ಇದು ಕೃಷ್ಣಾ ತೀರದ ರಬಕವಿಯಲ್ಲಿ ಕುಳಿತು ಬರೆಯುತ್ತಿರುವ ಲೆಕ್ಕ ಎಂಬುದನ್ನು ನೆನಪಿಡಿ.

2019ರ ಬೇಸಿಗೆ ಈ ಭಾಗದ ಯಾರಿಗೂ ಮರೆತಿರಲಾರದು. ಕೃಷ್ಣೆಯ ಪಾತ್ರ ಬತ್ತಿತು. ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ನೀರು ಬಿಡಿಸಬೇಕೆಂದು ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲೆಲ್ಲ ಕೂಗೆದ್ದಿತು. (ಅದೇ ವರ್ಷದ ಆಗಸ್ಟಿನಲ್ಲಿ ಅದೇ ನದಿ ಉಕ್ಕಿ ಊರುಗಳನ್ನೇ ನುಂಗಿತು. ನಮ್ಮ ಹೊಳೆಯ ಸ್ವಭಾವ ಹಾಗೆ.) ಆ ಹೊತ್ತಿಗೆ ನಾನು ಪುಸ್ತಕ ತರಿಸಿ ಓದಿ, ಅಂಗಡಿಯ ಮಾತೆಲ್ಲ ಸುಳ್ಳೆಂದು ಅರಿತು, ದಿನಾಲೂ ನೀರು ಬದಲಿಸತೊಡಗಿದ್ದೆ. ಮೂರು ಮರಿ ಆಗಲೇ ಹೋಗಿದ್ದವು. ಒಂದು ಮುಂಜಾನೆ ತೊಟ್ಟಿಯ ನೀರನ್ನು ಬಕೆಟ್ಟಿಗೆ ಇಳಿಸಿ ಅಂಗಳದ ಕರಿಬೇವಿಗೆ ಸುರಿಯುತ್ತಿದ್ದೆ. ಎದುರು ಮನೆಯ ತಾಯಿ, ಇಡೀ ದಿನ ಕಂಡಿಕೆ ಸುತ್ತಿ ಬದುಕುವವರು, ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ನಿಂತು ನೋಡಿದರು.

"ಮಾಸ್ತರ, ನಮಗ ಕುಡ್ಯಾಕ ನೀರಿಲ್ಲ. ನೀವು ಮೀನಿನ ನೀರು ಚೆಲ್ಲತೀರಿ?"

ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಇಂದಿಗೂ ಇಲ್ಲ. ಚೆಲ್ಲುತ್ತಿಲ್ಲ, ಗಿಡಕ್ಕೆ ಹಾಕುತ್ತಿದ್ದೇನೆ ಎನ್ನಬಹುದಿತ್ತು. ಗಿಡಕ್ಕೆ ಆ ನೀರು ಗೊಬ್ಬರವೂ ಹೌದು. ಆದರೆ ಕೊಡ ಹಿಡಿದು ನಿಂತವರ ಮುಂದೆ ಅದು ಉತ್ತರವೇ? ಅಂದಿನಿಂದ ನೀರು ಬದಲಿಸುವುದನ್ನು ನಿಲ್ಲಿಸಿದೆ. ಹತ್ತು ದಿನಗಳಲ್ಲಿ ಇನ್ನೆರಡು ಮರಿ ಸತ್ತವು. ಬದಲಿಸಿದರೂ ತಪ್ಪು, ಬದಲಿಸದಿದ್ದರೂ ತಪ್ಪು ಎಂಬ ಇಕ್ಕಟ್ಟಿಗೆ ನನ್ನನ್ನು ತಂದದ್ದು ಆ ಬೇಸಿಗೆಯಲ್ಲ. ದೀಪಾವಳಿಯಲ್ಲಿ, ಹೊಳೆ ತುಂಬಿದ್ದಾಗ, ಯೋಚಿಸದೆ ಕೊಂಡ ನನ್ನ ಆತುರ. ಅದಕ್ಕೇ ನನ್ನ ತಕರಾರು ಇಷ್ಟೆ: ಡಿಸ್ಕಸ್ ಮರಿಯನ್ನು ಹೇಗೆ ಸಾಕಬೇಕು ಎಂದು ಕೇಳುವ ಮೊದಲು, ಬರುವ ಏಪ್ರಿಲ್ಲಿನಲ್ಲಿ ನನ್ನ ಮನೆಯಲ್ಲಿ ಯಾರ ಪಾಲಿನದೂ ಅಲ್ಲದ ನಾಲ್ಕು ಕೊಡ ನೀರು ದಿನಾಲೂ ಇರುತ್ತದೆಯೇ ಎಂದು ಕೇಳಿಕೊಳ್ಳಬೇಕು. ಇರುವುದಿಲ್ಲವಾದರೆ ಕೊಳ್ಳುವ ಹಕ್ಕು ನಮಗಿಲ್ಲ. ಹಣವಿದೆ ಎಂಬುದು ಹಕ್ಕಲ್ಲ.

ಇದನ್ನು ಹೇಳಿದಾಗಲೆಲ್ಲ ಎರಡು ಬಗೆಯ ಆಕ್ಷೇಪ ಬರುತ್ತವೆ. "ಸಂತೆಯಲ್ಲಿ ಬುಟ್ಟಿಗಟ್ಟಲೆ ಮೀನು ಕೊಂದು ಮಾರುತ್ತಾರೆ, ನಿಮ್ಮದೇನು ನಾಲ್ಕು ಮರಿಗಳ ಗೋಳು?" ಎನ್ನುವವರು ಒಂದು ಕಡೆ. ತಿನ್ನಲು ಕೊಂದವನು ಕೊಂದೆ ಎಂದೇ ಹೇಳುತ್ತಾನೆ, ಅವನ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಸಾಕುತ್ತೇನೆ ಎಂದು ತಂದು ಮೂರು ತಿಂಗಳು ಸುಡುವ ನೀರಿನಲ್ಲಿ ಉಸಿರುಗಟ್ಟಿಸುವವನ ಜೊತೆ ಅವನನ್ನು ತೂಗಬೇಡಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿ ಎಂದರೆ ಮನುಷ್ಯನಲ್ಲದ ಯಾವುದೇ ಜೀವಿ ಎಂಬ ವ್ಯಾಖ್ಯೆಯಿದೆ. ಸಾಕಷ್ಟು ಆಹಾರ, ನೀರು, ಆಸರೆ ಒದಗಿಸದ ಒಡೆಯನದು ಅದರ ಪ್ರಕಾರ ಅಪರಾಧ. ಮೀನಿಗಾಗಿ ಯಾರೂ ಠಾಣೆಗೆ ಹೋಗುವುದಿಲ್ಲ, ಅದು ಬೇರೆ ಮಾತು.

ಇನ್ನೊಂದು ಆಕ್ಷೇಪ ನನ್ನ ವೃತ್ತಿಬಾಂಧವರದು, ಹಾಗಾಗಿ ಹೆಚ್ಚು ನೋಯಿಸುತ್ತದೆ. ಮಕ್ಕಳಿಗೆ ಜೀವದಯೆ ಕಲಿಸಲು ಮೀನು ಸಾಕುವುದು ಒಳ್ಳೆಯದಂತೆ. ಕಲಿಯುವುದು ಏನನ್ನು? ನನ್ನ ಮೊಮ್ಮಗ ಮೊದಲ ಮರಿ ಸತ್ತಾಗ ಅತ್ತ. ಎರಡನೆಯದಕ್ಕೆ ಸುಮ್ಮನಿದ್ದ. ನಾಲ್ಕನೆಯದು ತೇಲಿದಾಗ, "ಅಜ್ಜಾ, ಬ್ಯಾರೆ ತರೂಣೇನು?" ಎಂದ. ಜೀವವೆಂದರೆ ಹೋದರೆ ಬೇರೆ ತರಬಹುದಾದ ವಸ್ತು ಎಂಬ ಪಾಠವನ್ನು ನಾನೇ ಆರು ತಿಂಗಳು ಕಲಿಸಿದ್ದೆ. ದಯೆ ಕಲಿಸುವ ಹಂಬಲವಿದ್ದರೆ ಗಪ್ಪಿಯನ್ನೋ ಮೋಲಿಯನ್ನೋ ತನ್ನಿ. ನಮ್ಮ ಗಡುಸು ನೀರೇ ಅವಕ್ಕೆ ಹಿತ, ಹೀಟರ್ ಬೇಡ, ವಾರಕ್ಕೆ ಒಂದು ಕೊಡ ನೀರು ಬದಲಿಸಿದರೆ ನಡೆಯುತ್ತದೆ. ಡಿಸ್ಕಸ್ಸೇ ಬೇಕೆಂಬ ಮೋಹವಿದ್ದವರು ನಾಲ್ಕು ಅಂಗುಲ ದಾಟಿದ, ಬೆಳೆದ ಮೀನನ್ನು ಕೊಳ್ಳಿ. ಬೆಲೆ ಕೆಲವು ಪಟ್ಟು ಹೆಚ್ಚು, ನಿಜ. ಆದರೆ ಅದಕ್ಕೆ ವಾರಕ್ಕೆರಡು ಸಲ ನೀರು ಬದಲಿಸಿದರೂ ನಡೆದೀತು. ಮರಿ ಅಗ್ಗವೆಂದು ತರುವುದು, ಉಳಿದ ಬೆಲೆಯನ್ನು ಮರಿಯ ಕೈಯಿಂದ ವಸೂಲು ಮಾಡುವುದು, ಇದು ವ್ಯಾಪಾರವೂ ಅಲ್ಲ.

ನಾನು ಮತ್ತೆ ಸಾಕಲಿಲ್ಲವೇ? ಸಾಕಿದೆ. ತಾರಸಿಯ ಮಳೆನೀರು ಇಳಿಯುವಂತೆ ಅಂಗಳದಲ್ಲಿ ಎಂಟು ಸಾವಿರ ಲೀಟರಿನ ಸಂಪು ಕಟ್ಟಿಸಿದ ಮೇಲೆ, 2021ರಲ್ಲಿ. ದಿನಕ್ಕೆ ಅರವತ್ತು ಲೀಟರಿನಂತೆ ಅದು 133 ದಿನ ಬರುತ್ತದೆ, ಫೆಬ್ರುವರಿಯಿಂದ ಜೂನಿನ ನಡುವಿನ ತನಕ. ಬರಿಯ ಮಳೆನೀರಿನಲ್ಲಿ ಖನಿಜವಿಲ್ಲದ್ದರಿಂದ ಬೋರಿನ ನೀರನ್ನೂ ಸ್ವಲ್ಪ ಬೆರೆಸುತ್ತೇನೆ, ಹಾಗಾಗಿ ಇನ್ನಷ್ಟು ದಿನ ಬರುತ್ತದೆ. ಎದುರು ಮನೆಯವರಿಗೂ ಆ ಸಂಪಿನ ಮುಚ್ಚಳ ತೆರೆದೇ ಇದೆ. ಕರೆಂಟು ಹೋದಾಗ ಗಾಳಿಯಾಡಿಸಲು ಬ್ಯಾಟರಿಯ ಪುಟ್ಟ ಪಂಪು. ಆ ಸಲದ ಆರರಲ್ಲಿ ಐದು ಅಂಗೈಯಗಲ ಬೆಳೆದವು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಸಂಪಿಗೆ ತಗುಲಿದ ಖರ್ಚನ್ನು ಹೇಳಿದರೆ ನೀವು ನಕ್ಕೀರಿ.

ಗೃಹಪ್ರವೇಶವಾಗಿ ಹತ್ತು ದಿನಕ್ಕೆ ಆ ನನ್ನ ವಿದ್ಯಾರ್ಥಿ ಮನೆಗೆ ಬಂದ. ಎರಡು ಮರಿ ಸತ್ತಿದ್ದವು. ಉಳಿದೆರಡನ್ನು ಬಕೆಟ್ಟಿನಲ್ಲಿ ತಂದಿದ್ದ. "ಇವನ್ನ ನೀವಾ ನೋಡ್ರಿ ಸರ. ಜಾಗಾ ಖಾಲಿ ಬಿಡಬಾರದಂತ. ಬ್ಯಾರೆ ಆರು ತರತೇನಿ, ಹ್ಯಾಂಗ ಸಾಕೂದು ಹೇಳ್ರಿ" ಎಂದ. ನಾನು ಏನನ್ನೂ ಹೇಳಲಿಲ್ಲ. ನನ್ನ ಹಳೆಯ ಪೀಪಾಯಿಯನ್ನು ಕೊಟ್ಟು, "ಹದಿನೈದು ದಿನ ಮೀನಿಲ್ಲದ ತೊಟ್ಟಿಯಿಂದ ದಿನಾ ನಾಲ್ಕು ಕೊಡ ನೀರು ತೆಗೆದು, ಹಿಂದಿನ ದಿನ ಪೀಪಾಯಿಯಲ್ಲಿಟ್ಟ ನಾಲ್ಕು ಕೊಡ ನೀರು ಹಾಕು. ಆಮೇಲೆ ಬಾ" ಎಂದೆ.

ಒಂಬತ್ತನೆಯ ದಿನ ಅವನ ಹೆಂಡತಿ ಆಳಿನ ಕೈಯಲ್ಲಿ ಪೀಪಾಯಿಯನ್ನು ತೊಳೆದು ಕಳಿಸಿದರು. ಆ ಎರಡು ಮರಿಗಳು ಬೇರೆ ತೊಟ್ಟಿಯಲ್ಲಿ ನನ್ನ ಕೋಣೆಯಲ್ಲೇ ಇವೆ. ಒಂದು ಕಪ್ಪು ಬಿಟ್ಟು ಬಣ್ಣಕ್ಕೆ ಬಂದಿದೆ, ಕೈ ಕಂಡರೆ ಮುಂದೆ ಬರುತ್ತದೆ. ಇನ್ನೊಂದು ಇನ್ನೂ ಮೂಲೆ ಬಿಟ್ಟಿಲ್ಲ.